ಮಾತಾಡಿಕೊಂಡು ಓಡುವ ವೇಗ

ಹತ್ತು ಕಿಲೋಮೀಟರ್ ವೇಗದಲ್ಲಿ ಮೊಪೆಡ್ ನೆಟ್ಟಗೆ ಹೋಗುವುದಿಲ್ಲ. ಎರಡೂ ಪಕ್ಕ ಹಿಟ್ಟಿನ ಕ್ಯಾನು ಕಟ್ಟಿದ್ದರಂತೂ ಹ್ಯಾಂಡಲ್ಲು ಕುಡಿದವನ ಹಾಗೆ ಅತ್ತ ಇತ್ತ ವಾಲುತ್ತದೆ. ಹನ್ನೆರಡು ದಾಟಿತೋ, ತಾನೇ ನೆಟ್ಟಗಾಗುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಎಷ್ಟೋ ದಿನ ನಾನು ತಪ್ಪನ್ನೆಲ್ಲ ಆ ಮೊಪೆಡ್ಡಿನ ತಲೆಗೆ ಕಟ್ಟಿ ಸಮಾಧಾನ ಮಾಡಿಕೊಂಡಿದ್ದೆ.

ನಾವಿರುವುದು ಭದ್ರಾವತಿಯ ಜನ್ನಾಪುರದಲ್ಲಿ. ನಾನು ಮತ್ತು ನನ್ನ ತಮ್ಮ, ಇಬ್ಬರೇ. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವಳು. ಇಡ್ಲಿ, ದೋಸೆಯ ಹಿಟ್ಟು ರುಬ್ಬಿ ಹೋಟೆಲಿಗೆ ಕೊಡುವುದು ನನ್ನ ಕೆಲಸ. ಮೊದಲು ಕಾರ್ಖಾನೆಯ ಕಡೆ ನಾಲ್ಕಾರು ಹೋಟೆಲುಗಳಿದ್ದವು. ಅವು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಶಿವಮೊಗ್ಗದ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ದೊಡ್ಡ ಹೋಟೆಲನ್ನೇ ನೆಚ್ಚಿಕೊಂಡೆ. ಮನೆಯಿಂದ ಅಲ್ಲಿಗೆ ಸುಮಾರು ಇಪ್ಪತ್ತು ಕಿಲೋಮೀಟರ್. ಬೆಳಗ್ಗೆ ಆರಕ್ಕೆ ಅವರ ಕಾವಲಿ ಕಾಯುತ್ತದೆ. ಅಷ್ಟರೊಳಗೆ ನನ್ನ ಕ್ಯಾನು ಅಲ್ಲಿರಬೇಕು.

ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಹೈಸ್ಕೂಲಿನಲ್ಲಿದ್ದಾಗ ಐದು ಸಾವಿರ ಮೀಟರ್ ಓಟದಲ್ಲಿ ಜಿಲ್ಲೆಗೆ ಮೊದಲು ಬಂದಿದ್ದ. ಅದೇ ವರ್ಷ ಅಪ್ಪ ತೀರಿಕೊಂಡರು. ಅಮ್ಮ ಅದಕ್ಕೂ ಮೊದಲೇ ಹೋಗಿದ್ದಳು. ಆಗ ಮೊಪೆಡ್ ಇರಲಿಲ್ಲ. ಸೈಕಲ್ಲಿನ ಕ್ಯಾರಿಯರಿಗೆ ಕ್ಯಾನು ಕಟ್ಟಿಕೊಂಡು ಹಿಟ್ಟು ಹಾಕಿ ಬರುತ್ತಿದ್ದವನು ಅವನೇ. ಮೈದಾನಕ್ಕೆ ಹೋಗುವ ಹೊತ್ತೂ ಹಿಟ್ಟು ಹಾಕುವ ಹೊತ್ತೂ ಒಂದೇ ಆಗಿದ್ದರಿಂದ ಓಟ ನಿಂತಿತು. ಬಿಡು ಎಂದು ನಾನು ಹೇಳಲಿಲ್ಲ. ಬಿಡಬೇಡ ಎಂದೂ ಹೇಳಲಿಲ್ಲ.

ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಅವನಿಗೆ ಅಲ್ಲಿ ಟ್ರಾಲಿ ಜೋಡಿಸುವ ಕೆಲಸ ಸಿಕ್ಕಿತು. ಜನ ಸಾಮಾನು ಇಳಿಸಿ ಎಲ್ಲೆಂದರಲ್ಲಿ ಬಿಟ್ಟುಹೋದ ತಳ್ಳುಗಾಡಿಗಳನ್ನು ಒಂದರೊಳಗೊಂದು ಸೇರಿಸಿ ಬಾಗಿಲಿಗೆ ತಂದು ನಿಲ್ಲಿಸುವುದು. ಒಂದು ದಿನ ಊಟಕ್ಕೆ ಕೂತಾಗ ಮತ್ತೆ ಓಡುತ್ತೇನೆ ಎಂದ.

"ಅಷ್ಟುದ್ದ ರನ್‌ವೇ ದಿನಾ ನೋಡ್ತಿದ್ರೆ ಕಾಲು ಸುಮ್ನಿರುತ್ತೇನೇ ಅಕ್ಕ? ನಲವತ್ತೆರಡು ಕಿಲೋಮೀಟರ್. ಒಂದೇ ಒಂದ್ಸಲ ಪೂರ್ತಿ ಓಡ್ಬೇಕು. ಆಮೇಲೆ ನೀನು ಹೇಳ್ದಂಗೆ ಕೇಳ್ತೀನಿ. ಹೆಣ್ಣು ತೋರ್ಸಿದ್ರೂ ಒಪ್ಕೋತೀನಿ."

"ಮೂವತ್ತೊಂದಕ್ಕೆ ನಿನ್ನ ಯಾರು ಒಪ್ಕೋತಾರೋ ಮಾರಾಯ?"

"ಅದಕ್ಕೇ ಮೊದ್ಲು ಓಡ್ತೀನಿ ಅಂದಿದ್ದು. ಓಡ್ತಾ ಇದ್ರೆ ಯಾರಾದ್ರೂ ಹಿಂದೆ ಬರ್ಬಹುದು."

ನಗುತ್ತಲೇ ಹೇಳಿದ. ಆದರೆ ಆ ಒಂದು ವರ್ಷ ಅವನು ಬೇರೆ ಏನನ್ನೂ ಬಯಸಿದ್ದನ್ನು ನಾನು ಕಾಣೆ. ಹಳೆಯ ಪಿ.ಟಿ. ಮೇಷ್ಟ್ರನ್ನು ಹುಡುಕಿಕೊಂಡು ಹೋದ. ಅವರು ನಿವೃತ್ತರಾಗಿ ಶಿವಮೊಗ್ಗದಲ್ಲೇ ಇದ್ದರು. ಏಪ್ರಿಲ್ ಕೊನೆಯ ಭಾನುವಾರ ಬೆಂಗಳೂರಿನಲ್ಲಿ ಓಟ. ಹೆಸರು ನೋಂದಾಯಿಸಿ, ರೈಲಿಗೆ ಟಿಕೆಟ್ ಮಾಡಿಸಿ, ಅದನ್ನು ಫೋನಿನಲ್ಲಿ ದಿನಕ್ಕೆರಡು ಸಲ ತೆರೆದು ನೋಡುತ್ತಿದ್ದ.

ಓಟಕ್ಕೆ ಐದು ವಾರ ಇರುವಾಗ ಮೇಷ್ಟ್ರು ತಮ್ಮನ ಜೊತೆ ಹೋಟೆಲಿನ ಹತ್ತಿರ ಬಂದು ನನ್ನನ್ನೇ ಕರೆದು ನಿಲ್ಲಿಸಿಕೊಂಡರು. ನಾನು ಹೇಗೂ ಅದೇ ರಸ್ತೆಯಲ್ಲಿ ಅದೇ ಹೊತ್ತಿಗೆ ಬರುವವಳು. ನಾನು ಮುಂದೆ ಮೊಪೆಡ್ಡಿನಲ್ಲಿ ಹೋದರೆ ಅವನಿಗೆ ಬೆಳಕಾಗುತ್ತದೆ, ನಾಯಿಗಳ ಕಾಟ ತಪ್ಪುತ್ತದೆ, ನೀರು, ಫೋನು, ಒಣ ಬಟ್ಟೆ ಎಲ್ಲ ನನ್ನ ಚೀಲದಲ್ಲಿರುತ್ತದೆ ಎಂದು ಅವರಿಬ್ಬರೂ ಮಾತಾಡಿಕೊಂಡಿದ್ದರು.

"ನೋಡಮ್ಮಾ, ಇನ್ನು ಮೂರು ವಾರ ಇವನು ಸಿಕ್ಕಾಪಟ್ಟೆ ಓಡ್ತಾನೆ. ವಾರಕ್ಕೆ ತೊಂಬತ್ತು, ಆಮೇಲೆ ನೂರು, ಆಮೇಲೆ ನೂರ ಹತ್ತು. ಕೊನೇ ಎರಡು ವಾರ ಇಳಿಸ್ತೀನಿ. ದೂರ ಹೆಚ್ಚಾದಾಗ ವೇಗ ಕಮ್ಮಿ ಇರ್ಬೇಕು. ಎರಡೂ ಒಟ್ಟಿಗೆ ಏರಿದ್ರೆ ಮೂಳೆ ಕೇಳಲ್ಲ."

"ಎಷ್ಟು ವೇಗ ಅಂತ ನಂಗೆ ಹೆಂಗೆ ಗೊತ್ತಾಗುತ್ತೆ ಸಾರ್?"

"ಹತ್ತರ ಮೇಲೆ ಮುಳ್ಳು ಹೋಗ್ಬಾರ್ದು. ಅದೂ ಬೇಡ, ಅವನ್ನ ಮಾತಾಡ್ಸು. ನಡುವೆ ಉಸಿರು ಎಳ್ಕೊಳ್ದೆ ಒಂದು ಮಾತು ಪೂರ್ತಿ ಹೇಳಿದ್ರೆ ವೇಗ ಸರಿ. ಮಾತು ತುಂಡಾಯ್ತೋ, ನಿಧಾನ ಮಾಡು. ಮುಂದೆ ಹೋಗೋಳು ನೀನು. ಮುಂದಿನ ಎತ್ತು ಹೋದಂಗೆ ಹಿಂದಿನ ಎತ್ತು."

"ಎತ್ತು ನಾನಲ್ಲ ಸಾರ್, ಇವಳೇ" ಎಂದ ತಮ್ಮ. ಮೇಷ್ಟ್ರು ಅವನ ತಲೆಗೆ ಒಂದು ಮೊಟಕಿದರು.

ಮೊದಲ ವಾರ ಚೆನ್ನಾಗಿತ್ತು. ಬೆಳಗಿನ ನಾಲ್ಕಕ್ಕೇ ಹೊರಡುತ್ತಿದ್ದೆವು. ಬಿ.ಎಚ್. ರೋಡು ಅಗಲವಾದ ಮೇಲೆ ಆ ಹೊತ್ತಿನಲ್ಲಿ ಅಲ್ಲೊಂದು ಇಲ್ಲೊಂದು ಲಾರಿ ಬಿಟ್ಟರೆ ನಾವೇ. ಅವನ ಬೂಟಿನ ಸದ್ದು ನನ್ನ ಹಿಂದೆ ಒಂದೇ ಸಮನೆ ಬೀಳುತ್ತಿತ್ತು. ಅವನ ಬಾಯಿಯೂ ಹಾಗೆಯೇ. ಹಲಸಿನ ಹಣ್ಣನ್ನು ಸೀರೆಯಲ್ಲಿ ಸುತ್ತಿ ಮಗುವಿನ ಹಾಗೆ ಎತ್ತಿಕೊಂಡು ವಿಮಾನಕ್ಕೆ ಬಂದ ಹೆಂಗಸಿನ ಕಥೆ ಹೇಳಿದ. ವಿಮಾನ ಮೇಲೆ ಹೋದಾಗ ದೋಸೆಹಿಟ್ಟು ಬೇಗ ಉಬ್ಬುತ್ತದೋ ನಿಧಾನವಾಗಿ ಉಬ್ಬುತ್ತದೋ ಎಂದು ನನ್ನನ್ನೇ ಕೇಳಿದ. ಮಾಚೇನಹಳ್ಳಿ ದಾಟುವಷ್ಟರಲ್ಲಿ ಮಾತು ಮುಗಿದುಹೋಗುತ್ತಿತ್ತು. ಇಪ್ಪತ್ತು ಕಿಲೋಮೀಟರಿಗೆ ಸಾಲುವಷ್ಟು ಮಾತು ಯಾವ ಅಕ್ಕ ತಮ್ಮನ ಹತ್ತಿರ ಇರುತ್ತದೆ? ಆಗ ಅವನು ಮಗ್ಗಿ ಶುರು ಮಾಡುತ್ತಿದ್ದ. ಎರಡರಿಂದ ಹನ್ನೆರಡರವರೆಗೆ ನಾನೂ ದನಿಗೂಡಿಸುತ್ತಿದ್ದೆ. ಹದಿಮೂರರಿಂದ ಮುಂದೆ ಅವನೊಬ್ಬನೇ. ನನ್ನ ಶಾಲೆ ಹನ್ನೆರಡರ ಮಗ್ಗಿಯ ಹತ್ತಿರ ನಿಂತಿತ್ತು.

"ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು..."

ತುಂಗೆಯ ಸೇತುವೆಯ ಮೇಲೆ ಬರುವಾಗ ಹತ್ತೊಂಬತ್ತರ ಮಗ್ಗಿ ಮುಗಿಯಬೇಕು, ಅದು ನಮ್ಮ ಲೆಕ್ಕ. ಹೋಟೆಲಿನಲ್ಲಿ ಕ್ಯಾನು ಇಳಿಸಿ, ಅವನನ್ನು ಹಿಂದೆ ಕೂರಿಸಿಕೊಂಡು ಬಂದು ಸೋಗಾನೆಯಲ್ಲಿ ಬಿಟ್ಟು, ನಾನು ಮನೆಗೆ.

ಎರಡನೇ ವಾರಕ್ಕೆ ಯುಗಾದಿ ಕಳೆದು ಸೆಕೆ ಏರಿತು. ಸೆಕೆಗಾಲದಲ್ಲಿ ಹಿಟ್ಟಿಗೆ ತಾಳ್ಮೆ ಇರುವುದಿಲ್ಲ. ಸಂಜೆ ರುಬ್ಬಿಟ್ಟರೆ ನಡುರಾತ್ರಿಗೇ ಉಬ್ಬಿ, ಬೆಳಗಿನ ಹೊತ್ತಿಗೆ ಹುಳಿಯಾಗಿ ಕೂತಿರುತ್ತದೆ. ಹಾಗಾಗಿ ರುಬ್ಬುವುದನ್ನು ಮುಂದೆ ಹಾಕಬೇಕು. ಮಲಗುವುದೂ ಮುಂದೆ ಹೋಗುತ್ತದೆ. ಮೂರೂವರೆಗೆ ಅಲಾರಂ ಹೊಡೆದಾಗ ನನ್ನ ಕೈ ತಾನಾಗಿಯೇ ಅದನ್ನು ಅದುಮಿ ನಿಲ್ಲಿಸತೊಡಗಿತು. ಅರ್ಧ ಗಂಟೆ. ಅಷ್ಟೇ. ತಮ್ಮ ಬೂಟು ಕಟ್ಟಿಕೊಂಡು ಹೊಸಿಲ ಮೇಲೆ ಕೂತು ಕಾಯುತ್ತಿದ್ದ. ಎಬ್ಬಿಸುತ್ತಿರಲಿಲ್ಲ. ಅಕ್ಕ ಹನ್ನೊಂದರವರೆಗೆ ಗ್ರೈಂಡರ್ ಮುಂದೆ ನಿಂತಿದ್ದನ್ನು ನೋಡಿದವನು ಅವನು.

ನಾಲ್ಕೂವರೆಗೆ ಹೊರಟು ಆರರೊಳಗೆ ಮುಟ್ಟಬೇಕು ಎಂದರೆ ಹತ್ತರಲ್ಲಿ ಆಗುವುದಿಲ್ಲ. ಇದು ಏಳನೇ ತರಗತಿಯ ಲೆಕ್ಕವೇ. ನನಗೆ ಗೊತ್ತಿತ್ತು.

ಅಂದಿನಿಂದ ನನ್ನ ಮೈಯೊಳಗೆ ಒಂದು ಚಡಪಡಿಕೆ ಹೊಕ್ಕಿತು. ಮುಳ್ಳು ಹತ್ತರಲ್ಲಿದ್ದಾಗ ಹ್ಯಾಂಡಲ್ ವಾಲುತ್ತಿತ್ತು, ಕ್ಯಾನಿನ ಮುಚ್ಚಳ ಟಕಟಕ ಅನ್ನುತ್ತಿತ್ತು, ಒಳಗೆ ಹಿಟ್ಟು ಏರುತ್ತಿರುವುದು ನನ್ನ ಹೊಟ್ಟೆಯೊಳಗೇ ಏರಿದ ಹಾಗೆ ಆಗುತ್ತಿತ್ತು. ಮಣಿಕಟ್ಟು ತಿರುಗುತ್ತಿತ್ತು. ಹನ್ನೊಂದು. ಹನ್ನೆರಡು. ಹ್ಯಾಂಡಲ್ ನೆಟ್ಟಗಾಗುತ್ತಿತ್ತು. ಆಹಾ, ಈಗ ಸರಿಹೋಯಿತು ಎಂದುಕೊಳ್ಳುತ್ತಿದ್ದೆ. ಹಿಂದೆ ಅವನ ಕಥೆಯ ಹಲಸಿನ ಹಣ್ಣಿನ ಹೆಂಗಸು ಅರ್ಧ ದಾರಿಯಲ್ಲೇ ನಿಂತುಹೋಗುತ್ತಿದ್ದಳು.

"ನಿಧಾನ ಕಣೇ... ಅಕ್ಕ."

"ಇದಕ್ಕಿಂತ ನಿಧಾನ ಹೋದ್ರೆ ಗಾಡಿ ಬಿದ್ದೋಗುತ್ತೆ ಕಣೋ."

"ಹಂಗಾದ್ರೆ... ಬೀಳ್ಲಿ ಬಿಡು."

"ಬಿದ್ರೆ ನಲವತ್ತು ಲೀಟರ್ ಹಿಟ್ಟು ರಸ್ತೆ ಮೇಲೆ. ನೀನು ದೋಸೆ ಹುಯ್ತೀಯಾ? ಜಿಲ್ಲೆಗೆ ಫಸ್ಟ್ ಬಂದೋನು, ಒಂದು ಮುದಿ ಗಾಡಿ ಹಿಂದೆ ಓಡೋಕಾಗಲ್ವಾ?"

ಈ ಮಾತು ಅವನಿಗೆ ತಾಗುತ್ತದೆ ಎಂದು ತಿಳಿದೇ ಆಡಿದೆ. ಅವನು ಮತ್ತೆ ಕೇಳಲಿಲ್ಲ. ಬೂಟಿನ ಸದ್ದು ಚುರುಕಾಯಿತು. ಮಗ್ಗಿ ಹದಿಮೂರರಲ್ಲೇ ನಿಲ್ಲತೊಡಗಿತು, ಆಮೇಲೆ ಹನ್ನೊಂದರಲ್ಲಿ, ಆಮೇಲೆ ಶುರುವಾಗುವುದೇ ನಿಂತಿತು. ನಿಜ ಹೇಳುತ್ತೇನೆ, ಆ ಮೌನ ನನಗೆ ಹಿತವಾಗಿತ್ತು. ಮಾತಿಲ್ಲದಿದ್ದರೆ ಹೊತ್ತು ನೋಡಿಕೊಂಡು ಹೋಗಬಹುದಿತ್ತು.

ಭಾನುವಾರ ಮೇಷ್ಟ್ರು ನನಗೇ ಫೋನ್ ಮಾಡಿದರು. "ಮಾತಾಡ್ತಾನೇನಮ್ಮಾ?"

"ಬಾಯಿ ಮುಚ್ಚಲ್ಲ ಸಾರ್. ನಂಗೇ ಕಿವಿ ನೋವು."

ಪಕ್ಕದಲ್ಲಿ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ತಮ್ಮ ನನ್ನ ಮುಖ ನೋಡಿ ನಕ್ಕ. ಮೇಷ್ಟ್ರು ಓಟ ಕಡಿಮೆ ಮಾಡಿಬಿಡಬಾರದು ಎಂದು ಅಕ್ಕ ತನ್ನ ಪರವಾಗಿ ಸುಳ್ಳು ಹೇಳಿದಳು ಎಂದು ಅವನು ತಿಳಿದ. ಹಾಗೆಂದು ಬಾಯಿಬಿಟ್ಟೇ ಹೇಳಿದ. "ಥ್ಯಾಂಕ್ಸ್ ಕಣೇ" ಎಂದ. ನಾನು ಗ್ರೈಂಡರ್ ತೊಳೆಯಲು ಎದ್ದು ಹೋದೆ.

ಅದೇ ರಾತ್ರಿ ಊಟವಾದ ಮೇಲೆ ಬಲಗಾಲಿನ ಮುಂಭಾಗದ ಮೂಳೆಯ ಮೇಲೆ, ಮೊಣಕಾಲಿಗೂ ಪಾದಕ್ಕೂ ನಡುವೆ, ಒಂದು ಕಡೆ ಹೆಬ್ಬೆರಳು ಇಟ್ಟು ತೋರಿಸಿದ. "ಇಲ್ಲಿ ಒತ್ತಿದ್ರೆ ಹಲ್ಲು ನೋವಿನ ಥರ ಆಗುತ್ತಕ್ಕ. ಇಷ್ಟೇ ಜಾಗ. ನಾಣ್ಯದಷ್ಟು."

"ಓಡೋರಿಗೆ ಕಾಲು ನೋವು ಬರ್ದೆ ಕೂತೋರಿಗೆ ಬರುತ್ತಾ?" ಎಂದೆ. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟೆ. ಮೇಷ್ಟ್ರಿಗೆ ಹೇಳೋಣವೇ ಎಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹೇಳಿದರೆ ಓಟ ತಪ್ಪಿಸುತ್ತಾರೆ ಎಂಬ ಭಯ ಅವನಿಗೆ. ಹೇಳಿದರೆ ಮಾತಿನ ವಿಷಯ ಹೊರಬರುತ್ತದೆ ಎಂಬ ಭಯ ನನಗೆ.

ಮೂರನೇ ವಾರ. ನೂರ ಹತ್ತು ಕಿಲೋಮೀಟರಿನ ವಾರ. ಸೋಮವಾರ ನಾನು ಹೋಟೆಲಿಗೆ ಹತ್ತು ನಿಮಿಷ ತಡವಾಗಿ ಹೋದೆ. ಮಂಗಳವಾರ ಕಾಲು ಗಂಟೆ. ಅವನ ಹೆಜ್ಜೆ ಎಳೆಯುತ್ತಿತ್ತು, ನಾನು ಬೈದುಕೊಳ್ಳುತ್ತಾ ಕಾದಿದ್ದೆ. ಹೋಟೆಲಿನ ಮಾಲೀಕರು ಕೆಟ್ಟವರಲ್ಲ. ಅಂದು ಮಾತ್ರ ಕಾವಲಿಯ ಪಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

"ಏನ್ ಮಾರಾಯ್ತಿ, ಮೊದಲ ಬಸ್ಸಿನ ಜನ ಎದ್ದು ಹೋದ್ರು. ನಂಗೂ ಬೇಜಾರಾಗುತ್ತೆ ಹೇಳೋಕೆ. ಇನ್ನೊಂದ್ಸಲ ಹಿಂಗಾದ್ರೆ ಪ್ಯಾಕೆಟ್ ಹಿಟ್ಟು ತರಿಸ್ತೀನಿ. ಅವ್ರು ಐದಕ್ಕೇ ತಂದಾಕ್ತಾರೆ."

ಬುಧವಾರ ಬೆಳಗ್ಗೆ ಎದ್ದಾಗ ಒಂದು ಕ್ಯಾನಿನ ಮುಚ್ಚಳವನ್ನು ಹಿಟ್ಟು ಎತ್ತಿ ನಿಲ್ಲಿಸಿತ್ತು. ಬದಿಯಿಂದ ಇಳಿದು ನೆಲದ ಮೇಲೆ ಹರಿದಿತ್ತು. ಒರೆಸಿ, ಕಟ್ಟಿ, ಹೊರಟಾಗ ನಾಲ್ಕೂವರೆ ದಾಟಿತ್ತು. ನಾನು ಮುಳ್ಳು ನೋಡಲಿಲ್ಲ. ನಿದಿಗೆ ಬರುವವರೆಗೆ ಅವನ ಬೂಟಿನ ಸದ್ದು ಕೇಳುತ್ತಿತ್ತು, ಆದರೆ ಸಮನಾಗಿರಲಿಲ್ಲ. ಒಂದು ಹೆಜ್ಜೆ ಗಟ್ಟಿ, ಒಂದು ಮೆತ್ತಗೆ. ಒಂದು ಗಟ್ಟಿ, ಒಂದು ಮೆತ್ತಗೆ.

ಮಲವಗೊಪ್ಪ ಇನ್ನೇನು ಬಂತು ಅನ್ನುವಾಗ ಆ ಸದ್ದು ನಿಂತಿತು.

ಬಲಗಡೆಯ ಕನ್ನಡಿಯಲ್ಲಿ ನೋಡಿದೆ. ಬೀದಿ ದೀಪದ ಕೆಳಗೆ ಅವನು ಬಗ್ಗಿ ಕಾಲು ಹಿಡಿದುಕೊಂಡಿದ್ದ. ಎರಡು ಹೆಜ್ಜೆ ಕುಂಟಿದ. ರಸ್ತೆಯ ನಡುವಿನ ಕಟ್ಟೆಯ ಮೇಲೆ ಕೂತ. ಆಮೇಲೆ ಒಂದು ಕೈ ಎತ್ತಿದ.

ನಿಲ್ಲು ಎಂದೋ, ಹೋಗು ಎಂದೋ. ನಾನು ಹೋಗು ಎಂದು ತಿಳಿದೆ. ತಿಳಿದೆ ಎನ್ನುವುದೂ ಸುಳ್ಳು. ಹಾಗೆ ತಿಳಿದರೆ ಅನುಕೂಲವಿತ್ತು. ಇನ್ನು ಆರು ಕಿಲೋಮೀಟರ್. ಹಿಟ್ಟು ಕೊಟ್ಟು ಇಪ್ಪತ್ತು ನಿಮಿಷದಲ್ಲಿ ವಾಪಸು ಬಂದರಾಯಿತು, ಅಷ್ಟರಲ್ಲಿ ಅವನ ಕಾಲಿಗೂ ಆರಾಮ ಸಿಗುತ್ತದೆ ಎಂದುಕೊಂಡೆ. ಮಣಿಕಟ್ಟು ಪೂರ್ತಿ ತಿರುಗಿಸಿದೆ. ಅಷ್ಟು ವಾರ ಹಿಡಿದುಕೊಂಡಿದ್ದ ಮೊಪೆಡ್ ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡಿತು.

ಆರಕ್ಕೆ ಐದು ನಿಮಿಷ ಇರುವಾಗ ಕ್ಯಾನು ಇಳಿಸಿದೆ.

"ಇವತ್ತು ನೋಡಪ್ಪಾ, ಟೈಮಂದ್ರೆ ಟೈಮು!" ಎಂದು ಮಾಲೀಕರು ಹಿಗ್ಗಿದರು. "ಏ, ಅಮ್ಮಂಗೊಂದು ಸ್ಟ್ರಾಂಗ್ ಕಾಫಿ ಹಾಕ್ರೋ."

ಬೇಡ ಎನ್ನಬಹುದಿತ್ತು. ಬೇಡ ಎಂದರೆ ಮತ್ತೆ ಮುನಿಸಿಕೊಂಡಾರು ಎಂದು ಕುಡಿದೆ. ಬಿಸಿ ಇತ್ತು. ಊದಿ ಊದಿ ಕುಡಿದೆ. ಲೋಟ ಖಾಲಿಯಾಗುವವರೆಗೆ ನನ್ನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ, ಆದರೂ ಕುಡಿದೆ. ಆಮೇಲೆ ಹಳೆಯ ಕ್ಯಾನುಗಳನ್ನು ತೊಳೆಸಿ ಕಟ್ಟಿಕೊಂಡೆ. ಅದೂ ಅಂದೇ ಆಗಬೇಕಿತ್ತೇ?

ಅವನು ಕೂತ ಜಾಗದಲ್ಲಿ ಇರಲಿಲ್ಲ. ಅದಕ್ಕೂ ಈಚೆಗೆ, ಎರಡು ಕಿಲೋಮೀಟರಿನಷ್ಟು ಈಚೆಗೆ, ರಸ್ತೆಯ ಅಂಚು ಹಿಡಿದು ಬಲಗಾಲು ಎಳೆಯುತ್ತಾ ನಡೆದು ಬರುತ್ತಿದ್ದ. ಬೆಳಕು ಹರಿದಿತ್ತು. ಶಾಲೆಯ ಮಕ್ಕಳ ವ್ಯಾನೊಂದು ಅವನ ಪಕ್ಕ ಹೋಯಿತು. ಮುಖವೆಲ್ಲ ಬೆವರು, ಓಡಿದ ಬೆವರಲ್ಲ ಅದು, ತಣ್ಣಗಿತ್ತು.

"ಯಾಕೋ ನಡ್ಕೊಂಡು ಬಂದೆ? ಕೂತಿರೋಕೆ ಏನಾಗಿತ್ತು?"

"ನೀನು ತಿರುಗಿ ನೋಡಿ ನಾನಿಲ್ಲ ಅಂದ್ರೆ ಗಾಬ್ರಿ ಆಗ್ತೀಯಲ್ಲ ಅಂತ. ಫೋನ್ ಬೇರೆ ನಿನ್ ಚೀಲದಲ್ಲಿ. ಕೈ ಎತ್ತಿ ಕರ್ದೆ, ನೀನು ನೋಡ್ಲಿಲ್ಲ."

ಆ ಕ್ಷಣಕ್ಕೆ ನನ್ನ ಬಾಯಿಗೆ ಬಂದದ್ದು ಇದು: "ಕನ್ನಡಿಗೆ ಹಿಟ್ಟು ಸಿಡಿದಿತ್ತು ಕಣೋ. ಏನೂ ಕಾಣ್ಲಿಲ್ಲ."

ಬೆಳಗ್ಗೆ ಹಿಟ್ಟು ಚೆಲ್ಲಿದ್ದನ್ನು ಅವನೂ ನೋಡಿದ್ದ. ನಂಬಿದ.

ಮೊದಲ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಆಮೇಲಿನ ಸ್ಕ್ಯಾನಿನಲ್ಲಿ ಮೂಳೆಯ ಮೇಲೆ ಕೂದಲೆಳೆಯಷ್ಟು ಬಿರುಕು ಇತ್ತು. ಡಾಕ್ಟರು ತಲೆ ಎತ್ತದೆ ಕೇಳಿದರು, "ಜೋರು ನೋವು ಬಂದ್ಮೇಲೂ ಕಾಲು ಊರಿ ನಡೆದ್ರಾ?" ತಮ್ಮ ಹೂಂ ಎಂದ. "ಎಷ್ಟು ದೂರ?" "ಒಂದೆರಡು ಕಿಲೋಮೀಟರ್ ಸಾರ್." ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು. ಯಾಕೆ ನನ್ನ ಕಡೆ ನೋಡಿದರೋ. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ನಿಂತೆ. ಏಪ್ರಿಲ್ ಕೊನೆಯ ಭಾನುವಾರ ಅಲ್ಲಿ ಕೆಂಪಗೆ ಇತ್ತು.

ಅವನು ಅಳಲಿಲ್ಲ. ಮನೆಗೆ ಬಂದು ರೈಲಿನ ಟಿಕೆಟ್ ರದ್ದು ಮಾಡಿದ. ಮೇಷ್ಟ್ರು ಮನೆಗೇ ಬಂದರು, ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನೋಡಿ, "ನನ್ನ ಲೆಕ್ಕವೇ ತಪ್ಪಿತೇನೋ. ನೂರ ಹತ್ತು ಜಾಸ್ತಿ ಆಯ್ತೇನೋ" ಎಂದರು. ಎಪ್ಪತ್ತು ದಾಟಿದ ಮನುಷ್ಯ. ಇಲ್ಲ ಸಾರ್, ದೂರ ಜಾಸ್ತಿಯಾಗಲಿಲ್ಲ, ವೇಗ ಜಾಸ್ತಿಯಾಯಿತು ಎಂದು ಹೇಳಬೇಕಿತ್ತು. ಅವರಿಗೆ ಮಜ್ಜಿಗೆ ಕೊಟ್ಟೆ.

ಮರುದಿನ ಬೆಳಗ್ಗೆ ನಾನು ಕ್ಯಾನು ಕಟ್ಟುತ್ತಿರುವಾಗ ತಮ್ಮ ಒಂಟಿಗಾಲಿನಲ್ಲಿ ಗೋಡೆ ಹಿಡಿದು ಹೊರಗೆ ಬಂದ. ಮೊಪೆಡ್ಡಿನ ಬಲಗನ್ನಡಿಯ ಮೇಲೆ ಬಾಯಿಯ ಆವಿ ಬಿಟ್ಟು, ಹೆಗಲ ಮೇಲಿನ ಟವೆಲಿನ ತುದಿಯಿಂದ ಒರೆಸಿದ. ಬೆಳಕಿಗೆ ತಿರುಗಿಸಿ ನೋಡಿದ. ಮತ್ತೆ ಒರೆಸಿದ.

"ಈಗ ಕಾಣುತ್ತೆ ನೋಡು. ಹಿಂದೆ ಲಾರಿಗೀರಿ ಬಂದ್ರೆ ಗೊತ್ತಾಗ್ಬೇಕಲ್ಲ. ಒಬ್ಳೇ ಹೋಗೋಳು ನೀನು."

ಅದನ್ನು ಅವನು ದಿನಾ ಮಾಡಿದ. ಕಾಲಿಗೆ ದೊಡ್ಡ ಬೂಟಿನಂಥ ಪಟ್ಟಿ ಹಾಕಿದ್ದ ಅಷ್ಟೂ ವಾರ. ಕನ್ನಡಿ ಶುಭ್ರವಾಗಿಯೇ ಇರುತ್ತಿತ್ತು, ಆದರೂ ಒರೆಸುತ್ತಿದ್ದ. ಒಂದು ದಿನ ಅವನು ಏಳುವ ಮೊದಲೇ ಹೊರಡೋಣವೆಂದು ಎದ್ದೆ. ಹೊಸಿಲ ಮೇಲೆ ಟವೆಲು ಹಿಡಿದು ಕೂತಿದ್ದ.

ಓಟದ ಭಾನುವಾರವೂ ಒರೆಸಿದ. ಒರೆಸಿ, ಮೆಟ್ಟಿಲ ಮೇಲೆ ಕೂತು, ಫೋನಿನಲ್ಲಿ ಹೊತ್ತು ನೋಡಿ, "ಈಗ ಹೊರಟಿರ್ತಾರೆ" ಎಂದ. ಅಷ್ಟೇ ಅಂದದ್ದು. ಅಂದು ನಾನು ಮೊಪೆಡ್ ಓಡಿಸಿಕೊಂಡು ಹೋಗುವಾಗ ಅವನು ಈಗ ಎಲ್ಲಿರುತ್ತಿದ್ದ ಎಂದು ಲೆಕ್ಕ ಹಾಕುತ್ತಾ ಹೋದೆ. ನಾನು ಮಾಚೇನಹಳ್ಳಿ ಮುಟ್ಟಿದಾಗ ಅವನದು ಎರಡು ಕಿಲೋಮೀಟರ್. ಮಲವಗೊಪ್ಪದಲ್ಲಿ ಐದು. ವಾಪಸು ಬಂದು, ತಿಂಡಿ ತಿಂದು, ಗ್ರೈಂಡರ್ ತೊಳೆದು, ಅಕ್ಕಿ ನೆನೆಹಾಕುವ ಹೊತ್ತಿಗೂ ನನ್ನ ತಲೆಯೊಳಗೆ ಅವನು ಓಡುತ್ತಲೇ ಇದ್ದ. ಹೊರಗೆ ಅವನು ಅದೇ ಮೆಟ್ಟಿಲ ಮೇಲೆ ಬೆಳ್ಳುಳ್ಳಿ ಬಿಡಿಸುತ್ತಿದ್ದ.

ಮಳೆಗಾಲ ಕಳೆಯಿತು. ಕೆಲಸಕ್ಕೆ ಮರಳಿದ್ದ. ದಸರೆಯ ಹೊತ್ತಿಗೆ ಮೇಷ್ಟ್ರು ಓಡಲು ಬಿಟ್ಟರು: ಐದು ನಿಮಿಷ ನಡೆ, ಒಂದು ನಿಮಿಷ ಓಡು. ಅದು ತಿರುಗಿ ಒಂದು ನಿಮಿಷ ನಡೆ, ಐದು ನಿಮಿಷ ಓಡು ಎಂದಾಗುವುದಕ್ಕೆ ಚಳಿ ಬಂದಿತ್ತು. ಈ ಸಲ ಅವರು ಒಂದು ಬದಲಾವಣೆ ಮಾಡಿದರು. ನಾನು ಮುಂದೆ ಹೋಗುವುದು ಬೇಡ, ಹಿಂದೆ ಇರಬೇಕು. ಅವನ ಕಾಲಿಗೆ ಬಂದ ವೇಗ ನನ್ನ ಮೊಪೆಡ್ಡಿಗೆ. ಮಾಚೇನಹಳ್ಳಿ ತನಕ ಓಡಿ ಅಲ್ಲಿ ಅವನು ಹಿಂದೆ ಹತ್ತಿಕೊಳ್ಳಬೇಕು. ನಾನು ಮೂರು ಗಂಟೆಗೆ ಏಳಲು ಶುರು ಮಾಡಿದೆ. ಅಲಾರಂ ಬೇಕಾಗಲಿಲ್ಲ. ಅದಕ್ಕೂ ಮೊದಲೇ ಎಚ್ಚರವಾಗಿರುತ್ತಿತ್ತು. ಅವನು ಕನ್ನಡಿ ಒರೆಸುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಒಂದು ಸಂಜೆ ಮೇಷ್ಟ್ರ ಫೋನು ಬಂತು. ಮುಂದಿನ ಏಪ್ರಿಲ್ಲಿಗೆ ಹೆಸರು ಕೊಡಬಹುದೇ ಎಂದು ತಮ್ಮ ಕೇಳಿದ್ದನಂತೆ. "ನೀನು ಹೇಳಿದ ಮೇಲೇ ನಾನು ಹೂಂ ಅನ್ನೋದು. ಮಾತಾಡ್ತಾನೇನಮ್ಮಾ?"

ಅದೇ ಪ್ರಶ್ನೆ. ಅವರು ನನ್ನ ಮಾತನ್ನು ಇನ್ನೂ ನಂಬುತ್ತಿದ್ದರು. ಈ ಸಲ ನಿಜವಾಗಿಯೂ ಮಾತಾಡುತ್ತಿದ್ದ, ಹೌದು ಎಂದರೆ ಅದು ಸತ್ಯವೇ ಆಗುತ್ತಿತ್ತು. ಆದರೆ ಹೌದು ಎನ್ನಲು ಆಗಲಿಲ್ಲ. ನಾಳೆ ಹೇಳುತ್ತೇನೆ ಸಾರ್ ಎಂದು ಇಟ್ಟುಬಿಟ್ಟೆ.

ಮರುದಿನ ಬೆಳಗ್ಗೆ ಜನ್ನಾಪುರ ದಾಟಿ ರಸ್ತೆ ಖಾಲಿಯಾದ ಮೇಲೆ, ನನ್ನ ದೀಪದ ಬೆಳಕಿನಲ್ಲಿ ಓಡುತ್ತಿದ್ದ ಅವನ ಬೆನ್ನಿಗೆ ಹೇಳಿದೆ. ಎದುರಿಗೆ ನಿಂತು ಹೇಳುವ ಎದೆ ನನಗಿಲ್ಲ.

"ಮೇಷ್ಟ್ರು ಕೇಳಿದ್ರು, ಮಾತಾಡ್ತಾನಾ ಅಂತ."

"ಏನಂದೆ?"

"ಏನೂ ಅನ್ಲಿಲ್ಲ."

"ಯಾಕೇ? ನಾನು ನಿನ್ನೆಯಿಂದ ಬಾಯಿ ಮುಚ್ಚಿದ್ದು ನಿದ್ದೇಲಿ ಮಾತ್ರ."

"ಅವತ್ತು ಕನ್ನಡಿಗೆ ಹಿಟ್ಟು ಸಿಡಿದಿರ್ಲಿಲ್ಲ ಕಣೋ."

ಅವನ ಹೆಜ್ಜೆ ತಪ್ಪಲಿಲ್ಲ. ನಾನು ನಿಲ್ಲಿಸಿದರೆ ಮತ್ತೆ ಹೇಳಲಾರೆ ಎಂದು ಒಂದೇ ಉಸಿರಿಗೆ ಹೇಳಿದೆ. "ನೀನು ಕೂತಿದ್ದು ನೋಡ್ದೆ. ಕೈ ಎತ್ತಿದ್ದೂ ನೋಡ್ದೆ. ಆದ್ರೂ ಹೋದೆ. ಹಿಟ್ಟು ಕೊಟ್ಟು, ಕಾಫಿ ಕುಡ್ದು, ಕ್ಯಾನ್ ತೊಳ್ಸಿ ಬಂದೆ. ಅದಕ್ಕೂ ಮೊದ್ಲು ದಿನಾ ಜೋರಾಗಿ ಹೋಗ್ತಿದ್ದೆ, ನಿನ್ ಮಾತು ನಿಂತಿದ್ದು ಗೊತ್ತಿದ್ರೂ. ಮೇಷ್ಟ್ರ ಹತ್ರ ಸುಳ್ಳು ಹೇಳಿದ್ದು ನಿನಗೋಸ್ಕರ ಅಲ್ಲ. ಅರ್ಧ ಗಂಟೆ ನಿದ್ದೆಗೋಸ್ಕರ."

ಬೂಟಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಎಡ, ಬಲ, ಎಡ, ಬಲ. ಈಗ ಎರಡೂ ಸಮನಾಗಿ ಬೀಳುತ್ತಿದ್ದವು. ಮಾತು ನಿಂತರೆ ನಿಧಾನ ಮಾಡು ಎಂದು ಮೇಷ್ಟ್ರು ಹೇಳಿದ್ದರು. ನಾನು ಬ್ರೇಕ್ ಹಿಡಿದೆ. ಅವನು ನಿಲ್ಲಲಿಲ್ಲ. ನನ್ನ ದೀಪದ ಬೆಳಕಿನಿಂದ ಆಚೆ ಹೋದ. ಮೊದಲು ಕಾಲು ಕಾಣದಾಯಿತು, ಆಮೇಲೆ ಬೆನ್ನು. ಓಟ ಜೋರಾಗಿ ಮಾತು ನಿಂತಿತೋ, ನನ್ನ ಮೇಲೆ ಮಾತು ನಿಂತಿತೋ ಗೊತ್ತಾಗಲಿಲ್ಲ. ಹತ್ತಿರ ಹೋಗಲೂ ಭಯ, ದೂರ ಬಿಡಲೂ ಭಯ. ಎಂಟರಲ್ಲೋ ಒಂಬತ್ತರಲ್ಲೋ ಮೊಪೆಡ್ ವಾಲಾಡುತ್ತಾ ಹೋಯಿತು. ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದುಕೊಂಡೆ.

ಎಷ್ಟು ದೂರ ಹಾಗೆ ಹೋದೆವೋ. ಕತ್ತಲೊಳಗಿನಿಂದ, ನನ್ನನ್ನು ಕರೆಯದೆ, ಯಾರಿಗೂ ಅಲ್ಲದ ಹಾಗೆ, ಅವನ ದನಿ ಕೇಳಿತು.

"ಹದಿಮೂರೊಂದ್ಲ ಹದಿಮೂರು. ಹದಿಮೂರೆರಡ್ಲ ಇಪ್ಪತ್ತಾರು. ಹದಿಮೂರ್ಮೂರ್ಲ ಮೂವತ್ತೊಂಬತ್ತು."

ನಡುವೆ ಉಸಿರು ಎಳೆದುಕೊಳ್ಳಲಿಲ್ಲ. ವೇಗ ಸರಿಯಾಗಿತ್ತು. ಎರಡರಿಂದ ಶುರು ಮಾಡಲಿಲ್ಲ, ನಾನು ದನಿಗೂಡಿಸಬಹುದಾದ ಮಗ್ಗಿಯಿಂದ ಶುರು ಮಾಡಲಿಲ್ಲ. ಅದನ್ನು ನಾನು ಗಮನಿಸಿದೆ.

ಮಾಚೇನಹಳ್ಳಿಯಲ್ಲಿ ಹಿಂದೆ ಹತ್ತಿ ಕೂತ. ಹೋಟೆಲಿನಲ್ಲಿ ಕ್ಯಾನು ಇಳಿಸಿಕೊಟ್ಟ. ಮಾಲೀಕರ ತಮಾಷೆಗೆ ನಕ್ಕ. ನನ್ನ ಜೊತೆ ಮಾತಾಡಲಿಲ್ಲ. ಸೋಗಾನೆಯ ತಿರುವಿನಲ್ಲಿ ಇಳಿದು, ಚೀಲ ತೆಗೆದುಕೊಂಡು ನಾಲ್ಕು ಹೆಜ್ಜೆ ಹೋಗಿ, ಹಿಂದಿರುಗಿ ನೋಡದೆ, "ನಾಳೆ ಮೂರೂಮುಕ್ಕಾಲಿಗೆ" ಎಂದ.

ನಾನು ಅಲ್ಲೇ ಮೊಪೆಡ್ ನಿಲ್ಲಿಸಿ ಮೇಷ್ಟ್ರಿಗೆ ಫೋನ್ ಮಾಡಿದೆ. ಈಗ ಮಾತಾಡುತ್ತಾನೆ ಸಾರ್ ಎಂದೆ. ಹೋದ ಏಪ್ರಿಲ್ಲಿನಲ್ಲಿ ಮಾತಾಡುತ್ತಿರಲಿಲ್ಲ, ನಾನು ಸುಳ್ಳು ಹೇಳಿದ್ದೆ ಎಂದೂ ಹೇಳಿದೆ. ಅವರು, "ಇಷ್ಟು ತಿಂಗಳು ನಾನು ನನ್ನ ಲೆಕ್ಕಾನೇ ಬೈಕೊಂಡು ಮಲಗ್ತಿದ್ದೆನಲ್ಲಮ್ಮಾ" ಎಂದರು.

ಮರುದಿನ ಮೂರೂಮುಕ್ಕಾಲಿಗೆ ಅವನು ಹೊಸಿಲ ಮೇಲೆ ಬೂಟು ಕಟ್ಟಿಕೊಳ್ಳುತ್ತಿದ್ದ. ಟವೆಲು ಒಳಗೆ ಹಗ್ಗದ ಮೇಲೇ ಇತ್ತು. ಕಟ್ಟಿಕೊಂಡು ಎದ್ದು, ಮೊಪೆಡ್ಡಿನ ಪಕ್ಕದಲ್ಲೇ ಹಾದು, ರಸ್ತೆಗೆ ಹೋಗಿ ನಿಂತ. ಕನ್ನಡಿಯ ಮೇಲೆ ಚಳಿಯ ಇಬ್ಬನಿ ಕೂತಿತ್ತು. ಸೆರಗಿನಿಂದ ನಾನೇ ಒರೆಸಿದೆ. ಅವನು ಕಾಣುವ ಹಾಗೆ ಅದನ್ನು ತಿರುಗಿಸಲು ಹೋದೆ. ಆಮೇಲೆ ನೆನಪಾಯಿತು, ಈಗ ಅವನು ಮುಂದೆ ಇರುತ್ತಾನೆ.